ಮಗುವಿನ ಬಟ್ಟೆ, ತೋರಾದ ಪಟ್ಟಿ

೧೯೬೧ರಲ್ಲಿ, ಎಂಟನೆಯ ತರಗತಿಯ ಅರ್ಧಕ್ಕೆ ನಾನು ಶಾಲೆ ಬಿಟ್ಟೆ. ಬಡತನ ಬಿಡಿಸಿತು ಎಂದರೆ ಕೇಳುವವರಿಗೆ ಚೆನ್ನ, ಆದರೆ ಅದು ಸುಳ್ಳು. ಮೇಷ್ಟ್ರು ಹೊಡೆದರು, ಮರುದಿನ ನಾನು ಹೋಗಲಿಲ್ಲ. ಉಡುಪಿಯಲ್ಲಿ ಸೋದರಮಾವನ ಟೈಲರ್ ಅಂಗಡಿಯಲ್ಲಿ ಕೂತೆ. ಕಾಜಾ ಹಾಕಿ ಗುಂಡಿ ಹಚ್ಚುವುದರಿಂದ ಹಿಡಿದು ಕೋಟಿಗೆ ತೋಳು ಕೂರಿಸುವವರೆಗೆ ಕಲಿತೆ. ಆಮೇಲೆ ಹೊಲಿಗೆಯ ವಿಷಯದಲ್ಲಿ ಯಾರ ಮುಂದೆಯೂ ತಲೆ ತಗ್ಗಿಸಿಲ್ಲ.

ಹೆಂಡತಿಗೆ ಅಮೆರಿಕದಲ್ಲಿ ನರ್ಸ್ ಕೆಲಸ ಸಿಕ್ಕಿ ನಾವು ಅಲ್ಲಿಯ ಒಂದು ಕೊಲ್ಲಿಯ ಪಕ್ಕದ ಸನ್ನಿವೇಲ್ ಊರಿಗೆ ಬಂದೆವು. ಅವಳು ಹೆರಿಗೆ ವಾರ್ಡಿನಲ್ಲಿ, ನಾನು ಡ್ರೈಕ್ಲೀನಿಂಗ್ ಅಂಗಡಿಯ ಹಿಂಬದಿಯಲ್ಲಿ ಪ್ಯಾಂಟು ಗಿಡ್ಡ ಮಾಡುತ್ತ. ಅಲ್ಲಿಗೆ ಕೋಟು ತರುತ್ತಿದ್ದ ಒಬ್ಬ ಯಹೂದಿ ಅಜ್ಜಿ ೧೯೮೪ರ ಒಂದು ಭಾನುವಾರ ನನ್ನನ್ನು ಕೊಲ್ಲಿಯ ಆಚೆ ದಡದ ಸಣ್ಣ ಮ್ಯೂಸಿಯಮ್ಮಿಗೆ ಕರೆದರು. ಅವರ ಸಮುದಾಯದವರೇ ಒಂದು ಹಳೆಯ ಮನೆಯಲ್ಲಿ ನಡೆಸುತ್ತಿದ್ದದ್ದು. ಅಲ್ಲಿ ಉದ್ದ ಮೇಜಿನ ಸುತ್ತ ಕೂತು ಪೂಜೆಯ ವಸ್ತುಗಳನ್ನು ಕೈಯಿಂದಲೇ ಮಾಡುತ್ತಿದ್ದರು. ಒಬ್ಬರು ತಗಡು ಬಡಿದು ದೀಪ ಮಾಡುತ್ತಿದ್ದರೆ, ಇನ್ನೊಬ್ಬರು ಹಬ್ಬದ ಬ್ರೆಡ್ಡಿಗೆ ಹೊದಿಸುವ ಬಟ್ಟೆಗೆ ಕಸೂತಿ ಹಾಕುತ್ತಿದ್ದರು.

ಅಜ್ಜಿ ನನ್ನ ಮುಂದೆ ಒಂದು ತೆಳ್ಳಗಿನ ಲಿನನ್ ಬಟ್ಟೆ ಹಾಸಿದರು. ಮೊಮ್ಮಗನಿಗೆ ಎಂಟನೆಯ ದಿನ ಸುನ್ನತಿ ಮಾಡಿದಾಗ ಸುತ್ತಿದ್ದು. ಅದನ್ನು ನಾಲ್ಕು ಪಟ್ಟಿಯಾಗಿ ಕತ್ತರಿಸಿ, ತುದಿಗೆ ತುದಿ ಜೋಡಿಸಿ, ಉದ್ದಕ್ಕೂ ಮಗುವಿನ ಹೆಸರು, ಆಶೀರ್ವಾದ ಕಸೂತಿ ಮಾಡಬೇಕು. ಮಗುವಿಗೆ ಮೂರು ತುಂಬಿದಾಗ ಅದನ್ನು ಅವರ ಧರ್ಮಗ್ರಂಥವಾದ ತೋರಾದ ಸುರುಳಿಗೆ ಕಟ್ಟುತ್ತಾರೆ. ಜರ್ಮನಿಯಿಂದ ಬಂದ ಅವರ ಮನೆತನದ ಪದ್ಧತಿ ಅದು. ಅಜ್ಜಿಯ ಬೆರಳುಗಳು ಸೆಟೆದುಕೊಂಡು ಸೂಜಿ ಹಿಡಿಯಲು ಆಗುತ್ತಿರಲಿಲ್ಲ. ಬಟ್ಟೆ ಒಂದೇ. ಕತ್ತರಿ ತಪ್ಪಿದರೆ ಇನ್ನೊಂದಿಲ್ಲ.

ಅಂಚಿನಲ್ಲಿ ರಕ್ತದ ಮಾಸಲು ಕಲೆ ಇತ್ತು. ನನಗೆ ಮುಟ್ಟಲು ಮನಸ್ಸು ಬರಲಿಲ್ಲ. ನಮ್ಮಲ್ಲಿ ಅಂಥ ಬಟ್ಟೆ ದೇವರ ಕೋಣೆಯ ಹೊಸ್ತಿಲು ದಾಟುವುದಿಲ್ಲ. ನನ್ನ ಖರ್ಚಿನಲ್ಲೇ ಹೊಸ ಲಿನನ್ ತಂದು ಇದಕ್ಕಿಂತ ಚೆನ್ನಾಗಿ ಮಾಡಿಕೊಡುತ್ತೇನೆ ಎಂದೆ.

“ಹೊಸದು ಯಾರದ್ದು?” ಎಂದರು ಅಜ್ಜಿ. “ಅದರಲ್ಲಿ ನನ್ನ ಮೊಮ್ಮಗ ಮಲಗಿಲ್ಲವಲ್ಲ.”

ಬಟ್ಟೆಯನ್ನು ಅಲ್ಲೇ ಬಿಟ್ಟು ಮನೆಗೆ ಬಂದು ಹೆಂಡತಿಗೆ ಹೇಳಿದೆ. ಅವಳು ಅಕ್ಕಿ ತೊಳೆಯುತ್ತಿದ್ದಳು.

“ನಾನು ದಿನಾ ಅಂಥದ್ದೇ ಬಟ್ಟೆ ಮುಟ್ಟಿ ಬರುದಲ್ವಾ? ಮಿಂದು ದೀಪ ಹಚ್ತೇನೆ. ದೇವರು ಬೇಡ ಹೇಳಿದ್ದುಂಟಾ? ಸೂತಕ ಗೀತಕ ಅಂತ ಕತೆ ಕಟ್ಬೇಡಿ ಮಾರಾಯ್ರೆ. ಹೊಲಿಲಿಕ್ಕೆ ಹೆದರಿಕೆ ಆದ್ರೆ ಹಾಗೆ ಹೇಳಿ.”

ಹೆದರಿಕೆ ಎಂಬ ಮಾತು ನಾಟಿತು. ಮರುದಿನದಿಂದಲೇ ಕೆಲಸ ಮುಗಿಸಿ ಬಂದು ಸವೆದ ಬೆಡ್‌ಶೀಟುಗಳ ಮೇಲೆ ಕೈ ಪಳಗಿಸಿದೆ. ಯಂತ್ರದಲ್ಲಿ ಜೋಡಿಸಿದರೆ ಜೋಡಣೆ ಗಂಟಿನಂತೆ ಏಳುತ್ತಿತ್ತು, ಅದರ ಮೇಲೆ ಕಸೂತಿ ಕೂರುತ್ತಿರಲಿಲ್ಲ. ಎರಡು ಅಂಚುಗಳನ್ನು ಒಂದರೊಳಗೊಂದು ಮಡಚಿ ಕೈಯಲ್ಲೇ ಸಣ್ಣ ಹೊಲಿಗೆ ಹಾಕಿದೆ. ಬಿಚ್ಚಿದೆ, ಮತ್ತೆ ಹಾಕಿದೆ. ಕಣ್ಣು ಮುಚ್ಚಿ ಬೆರಳಾಡಿಸಿದರೆ ಜೋಡಣೆ ಎಲ್ಲಿದೆಯೆಂದು ತಿಳಿಯದ ಹಾಗೆ ಆದ ಮೇಲೆಯೇ ಮ್ಯೂಸಿಯಮ್ಮಿಗೆ ಹೋಗಿ, ಕೈ ತೊಳೆದು, ಆ ಬಟ್ಟೆಗೆ ಕತ್ತರಿ ಇಟ್ಟೆ. ಕಲೆಯನ್ನು ಕತ್ತರಿಸಿ ತೆಗೆಯಲಿಲ್ಲ.

ಅವರ ಧರ್ಮಗ್ರಂಥದ ಭಾಷೆಯ ಅಕ್ಷರಗಳನ್ನು ಇನ್ನೊಬ್ಬ ಹೆಂಗಸು ಬಟ್ಟೆಯ ಮೇಲೆ ಪೆನ್ಸಿಲಿನಲ್ಲಿ ಬರೆದುಕೊಟ್ಟರು. ಆ ಅಕ್ಷರ ಓದಲು ಬಾರದವನು ದೇವರ ಮಾತು ಹೊಲಿದರೆ ತಪ್ಪಾಗುವುದಿಲ್ಲವೇ ಎಂದು ತಗಡಿನ ದೀಪ ಮಾಡುವವರು ಅನುಮಾನಿಸಿದರು.

“ಗೆರೆ ನಿಮ್ಮವರದು, ದಾರ ನನ್ನದು,” ಎಂದೆ. “ಗೆರೆ ತಪ್ಪಿದ್ದರೆ ಅವರನ್ನು ಕೇಳಿ.”

ಅವರು ನಕ್ಕು ತಮ್ಮ ಮೇಜುದೀಪವನ್ನು ನನ್ನ ಕಡೆ ತಿರುಗಿಸಿದರು. ಅವರ ಲಿಪಿಯ ಕ್ರಮದಂತೆ ಬಲದಿಂದ ಎಡಕ್ಕೆ, ಒಂದೊಂದೇ ಅಕ್ಷರ, ಚಳಿಗಾಲವಿಡೀ ಹೊಲಿದೆ.

ಮಗುವಿಗೆ ಮೂರು ತುಂಬಿದ ವಾರದ ಶನಿವಾರ ಅವರ ಪ್ರಾರ್ಥನಾ ಮಂದಿರದಲ್ಲಿ, ಬಾಗಿಲಲ್ಲಿ ಕೊಟ್ಟ ಟೋಪಿ ಹಾಕಿಕೊಂಡು ಹಿಂದಿನ ಸಾಲಿನಲ್ಲಿ ನಿಂತೆ. ಹುಡುಗ ಪಟ್ಟಿಯನ್ನು ಎರಡೂ ಕೈಯಲ್ಲಿ ಎತ್ತಿ ಕೊಟ್ಟ. ಅವನಪ್ಪ ಸುರುಳಿಗೆ ಸುತ್ತಿ ಬಿಗಿಯಾಗಿ ಎಳೆದ. ಎಲ್ಲರೂ ಹುಡುಗನನ್ನು ನೋಡುತ್ತಿದ್ದರು, ನಾನು ಮೂರು ಜೋಡಣೆಗಳನ್ನು. ಒಂದೂ ಬಿಟ್ಟುಕೊಳ್ಳಲಿಲ್ಲ. ಮುಂದಿನ ಸಾಲಿನಿಂದ ಅಜ್ಜಿ ಒಮ್ಮೆ ತಿರುಗಿ ನನ್ನತ್ತ ತಲೆಯಾಡಿಸಿದರು. ಹೊರಗೆ ಬರುವಾಗ ಇಬ್ಬರು, ತಮ್ಮ ಮನೆಯಲ್ಲೂ ಅಂಥ ಬಟ್ಟೆ ಎತ್ತಿಟ್ಟಿದೆ ಎಂದರು.

ಈಗ ನನ್ನಲ್ಲಿರುವುದು ಸ್ವಂತದ ಒಂದು ಅಂಗಡಿ, ಎರಡು ಯಂತ್ರ, ಮೂರು ಕತ್ತರಿ. ಹೊಲಿದು ಕೊಟ್ಟ ಪಟ್ಟಿ ಹನ್ನೊಂದು. ಕಪಾಟಿನಲ್ಲಿ ಹೊಲಿಗೆಗೆ ಕಾದಿರುವ ಮಗುವಿನ ಬಟ್ಟೆ ಎರಡು.