ಪಂಕ್ತಿ ತಪ್ಪಿದ ದೊಡ್ಡಪ್ಪ

ಹಾಲಿನ ಪ್ಯಾಕೆಟ್ಟು ಖಾಲಿಯಾದರೆ ನಾನು ಈಗಲೂ ತೊಳೆದು ಮೊಳೆಗೆ ಸಿಕ್ಕಿಸುತ್ತೇನೆ. "ಯಾರಿಗೆ ಕೂಡಿಡ್ತಾ ಇದೀರಿ?" ಎಂದು ಹೆಂಡತಿ ರೇಗುತ್ತಾಳೆ. ತೊಂಬತ್ತರ ದಶಕದಲ್ಲಿ ಹೊಸಹೊಳಲಿನ ಹತ್ತಿರದ ಹಳ್ಳಿಯಲ್ಲಿದ್ದ ನಮ್ಮ ದೊಡ್ಡಪ್ಪನಿಗೆ ಕೂಡಿಡುತ್ತಿದ್ದೆ. ಡೈರಿಗೆ ಹಾಲು ಹಾಕುವವರ ಮನೆಗೆ ಖಾಲಿ ಪ್ಯಾಕೆಟ್ಟು ಹೊತ್ತುಕೊಂಡು ಹೋದವನು ನಾನೊಬ್ಬನೇ ಇರಬೇಕು.

ದೊಡ್ಡಪ್ಪನಿಗೆ ಮಲದ ಜೊತೆ ರಕ್ತ ಬೀಳುತ್ತಿದ್ದುದನ್ನು ಎರಡು ವರ್ಷ ಮೂಲವ್ಯಾಧಿ ಎಂದುಕೊಂಡಿದ್ದೆವು. ಎಲ್ಲ ಬಲ್ಲ ಮೇಷ್ಟ್ರಾದ ನಾನು ಮೂಲಂಗಿ ರಸ ಕುಡಿಸಿದ್ದೆ. ಕೊನೆಗೆ ಮೈಸೂರಿನ ಡಾಕ್ಟರು ಹೇಳಿದರು: ಗುದನಾಳದ ಕ್ಯಾನ್ಸರ್, ಪಕ್ಕದ ಗಂಟುಗಳಿಗೂ ಹಬ್ಬಿದೆ. ಕೊಯ್ದು ತೆಗೆಯಬೇಕು. ಆಮೇಲೆ ಕರೆಂಟು, ಅಂದರೆ ರೇಡಿಯೇಷನ್ನು, ಕೊಡಬೇಕು, ತಿಂಗಳುಗಟ್ಟಲೆ ಇಂಜೆಕ್ಷನ್ನು. ಮಲ ಹೋಗಲು ಹೊಟ್ಟೆಯ ಮೇಲೆ ದಾರಿ ಮಾಡಿ ಚೀಲ ಕಟ್ಟುತ್ತಾರೆ, ಇರುವಷ್ಟು ದಿನವೂ.

ದೊಡ್ಡಪ್ಪ ಸಾವಿಗೆ ಹೆದರಲಿಲ್ಲ. ಸುತ್ತಲಿನ ಯಾವ ಬೀಗರೂಟದಲ್ಲೂ ಪಂಕ್ತಿಯ ಮೊದಲ ಎಲೆ ಅವನದು. ಅವನು ಕೈಯಿಡದೆ ಯಾರೂ ತುತ್ತು ಎತ್ತುತ್ತಿರಲಿಲ್ಲ.

"ಇದ ಕಟ್ಕಂಡು ಪಂಕ್ತೀಲಿ ಎಂಗ್ಲಾ ಕೂರ್ಲಿ? ಪಕ್ಕದೋನು ಮೂಗು ಮುಚ್ಕಂಡ್ರೆ? ಒಲ್ಲೆ."

ದೊಡ್ಡವ್ವ ಸಿಡಿದಳು: "ಏಳು ಮಕ್ಕಳ ಕುಂಡಿ ತೊಳ್ದಿವ್ನಿ. ನಿಂದೊಂದು ಚೀಲ ಯಾವ ಲೆಕ್ಕ? ಸುಮ್ಕೆ ಎಬ್ಬೆಟ್ಟು ಒತ್ತು."

ಒತ್ತಿದ. ಕೊಯ್ದರು, ಕರೆಂಟು ಕೊಟ್ಟರು, ಇಂಜೆಕ್ಷನ್ನಿಗೆ ಬಾಯೆಲ್ಲ ಹುಣ್ಣಾಯಿತು. ಮೈಸೂರಿನಿಂದ ತಂದ ಚೀಲ ಮುಗಿದಾಗ ದೊಡ್ಡವ್ವ ನನ್ನ ಪ್ಯಾಕೆಟ್ಟನ್ನೇ ಬಟ್ಟೆಪಟ್ಟಿಯಲ್ಲಿ ಬಿಗಿದು ಕಟ್ಟುತ್ತಿದ್ದಳು. ದೊಡ್ಡಪ್ಪ ಉಳಿದುಕೊಂಡ. ಆದರೆ ಊಟದ ಮನೆಗಳ ಕಡೆ ತಲೆಹಾಕಲಿಲ್ಲ.

ವರ್ಷದ ಮೇಲೆ ಪಾಂಡವಪುರದ ನಮ್ಮ ಮನೆಯಲ್ಲಿ ತಂಗಿಯ ಬೀಗರೂಟ. ದೊಡ್ಡಪ್ಪ ಹೊಸ ಪಂಚೆ ಉಟ್ಟು ಬಂದ. ನನಗೋ ಸಂತೋಷ, ಅದಕ್ಕಿಂತ ಹೆಚ್ಚು ಗಾಬರಿ. ಒಳಕೋಣೆಯಲ್ಲಿ ಫ್ಯಾನು ಹಾಕಿ, ಕುರ್ಚಿಯಲ್ಲಿ ಕೂರಿಸಿ, ಟೀಪಾಯಿಯ ಮೇಲೆ ಎಲೆ ಹಾಕಿಸಿದೆ. "ಆರಾಮಾಗಿ ಉಣ್ಣಿ ದೊಡ್ಡಪ್ಪ" ಎಂದೆ. ಅವನು ಎಲೆಗೆ ನೀರು ಚಿಮುಕಿಸಿಕೊಂಡ. ನನ್ನ ಜಾಣತನಕ್ಕೆ ನಾನೇ ಬೀಗಿದೆ.

ಹಜಾರದಲ್ಲಿ ದೊಡ್ಡವ್ವ ಪಂಕ್ತಿಯ ಉದ್ದಕ್ಕೂ ಕಣ್ಣಾಡಿಸುತ್ತಿದ್ದಳು. "ನಿಮ್ಮ ದೊಡ್ಡಪ್ಪ ಎಲ್ಲಪ್ಪ? ಚೀಲ ತುಂಬದಿರ್ಲಿ ಅಂತ ಎರಡು ದಿನದಿಂದ ಬರೀ ಗಂಜಿ ಕುಡ್ದವ್ನೆ, ಇಲ್ಲಿ ಕೂರಕ್ಕೆ."

ನಾನು ಒಳಗೆ ಓಡಿದೆ. "ಏಳಿ ದೊಡ್ಡಪ್ಪ, ಎರಡನೇ ಪಂಕ್ತಿಗೆ ಎಲೆ ಹಾಕ್ತಾವ್ರೆ."

ಅವನು ಕೈ ತೊಳೆದು ಒರೆಸಿಕೊಳ್ಳುತ್ತಿದ್ದ. "ಉಂಡಾಯ್ತಲ್ಲ, ಬುಡ್ಲಾ."

ಮತ್ತೊಂದು ಬೀಗರೂಟದ ಹೊತ್ತಿಗೆ ಕಾಯಿಲೆ ಈಲಿಗೆ, ಅಂದರೆ ಲಿವರಿಗೆ, ಏರಿತ್ತು, ದೊಡ್ಡಪ್ಪ ಇರಲಿಲ್ಲ. ಈಗ ಯಾರೇ ಕಾಯಿಲೆಯವರು ಮನೆಗೆ ಬಂದರೂ ಎಲ್ಲಿ ಕೂರುತ್ತೀರಿ ಎಂದು ನಾನು ಮೊದಲು ಕೇಳುತ್ತೇನೆ. ಆ ದಿನ ದೊಡ್ಡಪ್ಪನನ್ನು ಕೇಳಲಿಲ್ಲ.