ನಾಲ್ಕು ಊರಿನ ತಂಗಡಿ ಹೂ

ಮೊನ್ನೆ ಮಗಳ ಆದಾಯ ಪ್ರಮಾಣಪತ್ರ ಹುಡುಕುವುದಕ್ಕೆಂದು ಅಟ್ಟದ ಮೇಲಿದ್ದ ತಗಡಿನ ಟ್ರಂಕು ಇಳಿಸಿದೆ. ಮುಚ್ಚಳ ಎತ್ತಿದ ಕೂಡಲೇ ಡಾಂಬರಗುಳಿಗೆಯ ವಾಸನೆ ಮೂಗಿಗೆ ಬಡಿಯಿತು. ರೇಷ್ಮೆ ಸೀರೆಗಳ ಮಡಿಕೆಯಲ್ಲಿ ಹುಳ ಬೀಳದಿರಲೆಂದು ಇಡುತ್ತಾರಲ್ಲ, ಆ ಬಿಳಿ ಗುಂಡುಗಳು. ನಿಮಗೆ ಆ ವಾಸನೆಯಿಂದ ಯಾರದಾದರೂ ಮದುವೆ ನೆನಪಾಗಬಹುದು. ನನಗೆ ನೆನಪಾಗುವುದು ಖಾಕಿ ಅಂಗಿ ಹಾಕಿಕೊಂಡ, ಕತ್ತರಿಯೊಂದನ್ನು ದಾರಕ್ಕೆ ಕಟ್ಟಿ ಕೊರಳಿಗೆ ಇಳಿಬಿಟ್ಟ ಒಬ್ಬ ಸಣಕಲು ಮನುಷ್ಯ.

ಪ್ರಮಾಣಪತ್ರ ಸಿಗಲಿಲ್ಲ. ಅದರ ಬದಲು ತಳದಲ್ಲಿ ಒಂದು ದಪ್ಪ ಹಾಳೆ ಸಿಕ್ಕಿತು. ಅದಕ್ಕೆ ಅಂಟಿಸಿದ್ದ ಒಣಗಿದ ಹುಲ್ಲಿನ ಕಡ್ಡಿಯೊಂದು ಇನ್ನೂ ಹಾಗೇ ಇತ್ತು. ಬಲಗಡೆ ಮೂಲೆಯಲ್ಲಿ ಒಂದು ಚೀಟಿ. ಅದರ ಮೇಲಿನ ಅಕ್ಷರ ನನ್ನದೇ, ಆದರೆ ಈಗಿನದಕ್ಕಿಂತ ದುಂಡಗಿತ್ತು. ‘ಗಿಡದ ಹೆಸರು’ ಎಂಬಲ್ಲಿ ಏನೂ ಬರೆದಿರಲಿಲ್ಲ. ‘ಸಿಕ್ಕ ಸ್ಥಳ: ಕಿನ್ನಾಳ ದಾರಿ, ಹಳ್ಳದ ಬದಿ.’ ಇದನ್ನು ಓದಿ ಸ್ವಲ್ಪ ಕಸಿವಿಸಿಯಾಯಿತು. ಏಕೆಂದರೆ ಈ ಹುಲ್ಲನ್ನು ಹನುಮನಹಳ್ಳಿಯ ಗುಡ್ಡದ ಬುಡದಲ್ಲಿ ಕಿತ್ತೆನೆಂದು ನಾನು ಎಷ್ಟೋ ವರ್ಷಗಳಿಂದ ಎಲ್ಲರ ಮುಂದೆ ಹೇಳಿಕೊಂಡು ಬಂದಿದ್ದೇನೆ. ಬಂಡೆಗಲ್ಲು, ಮಂಗಗಳು, ಬಿಸಿಲು ಎಲ್ಲವನ್ನೂ ಸೇರಿಸಿ ಹೇಳಿದ್ದೇನೆ. ವಿಶ್ವವಿದ್ಯಾಲಯದಲ್ಲಿ ಓದಿ ಬಂದಾಗಿನಿಂದ ಯಾರು ಏನು ಹೇಳಿದರೂ ‘ಇದಕ್ಕೆ ಆಧಾರವೇನು?’ ಎಂದು ಕೇಳುವ ರೋಗ ನನಗಿದೆ. ನನ್ನನ್ನೇ ಹಾಗೆ ಕೇಳಿಕೊಳ್ಳುವ ಪ್ರಸಂಗ ಬಂದಾಗ ಮಾತ್ರ ಆ ರೋಗ ಇಷ್ಟವಾಗುವುದಿಲ್ಲ.

ಅಷ್ಟರಲ್ಲಿ ಮಗಳು ಒಂದು ಕಾಗದ ಹಿಡಿದು ಬಂದಳು. ಕೊಪ್ಪಳದಿಂದ ದಿನಾಲೂ ಬಸ್ಸಿನಲ್ಲಿ ಗಂಗಾವತಿಗೆ ಹೋಗಿ ಡಿಗ್ರಿ ಮೊದಲ ವರ್ಷ ಓದುತ್ತಾಳೆ. ಹೊಸ ವಿದ್ಯಾರ್ಥಿಗಳಿಗೆಲ್ಲ ಕಾಲೇಜಿನವರು ಒಂದು ಫಾರ್ಮ್ ಕೊಟ್ಟಿದ್ದಾರೆ. ‘ನನ್ನ ಜೀವನದ ಗುರಿ’ ಎಂದು ಒಂದು ಸಾಲು, ‘ನಾನು ನಂಬಿರುವ ಐದು ಮೌಲ್ಯಗಳು’ ಎಂದು ಐದು ಸಾಲು, ಕೊನೆಗೆ ‘ಮೇಲೆ ಬರೆದಿರುವುದು ನಿಜ’ ಎಂದು ಪಾಲಕರ ಸಹಿ.

“ಅಪ್ಪಾ, ಐದು ಮೌಲ್ಯ ಹೇಳು, ಲಗೂನ. ನಾಳೆ ಕೊಡಬೇಕು.”

“ಪ್ರಾಮಾಣಿಕತೆ, ಸಮಯಪಾಲನೆ, ದೇಶಸೇವೆ…”

“ಅವನ್ನ ಎಲ್ಲಾರೂ ಬರದಾರ. ಬ್ಯಾರೇವು ಹೇಳು.”

“ಫೋನಿಗೆ ಕೇಳಬೇಕಿಲ್ಲೇನು?”

“ಕೇಳೀನಿ. ಅದೂ ಇವನ್ನ ಹೇಳಾಕತ್ತೈತಿ.”

ನಾನು ಪೆನ್ನು ತೆಗೆದುಕೊಂಡು ಕೆಳಗೆ ಸಹಿ ಮಾಡುವುದರಲ್ಲಿದ್ದೆ. ಮೇಲಿನ ಸಾಲುಗಳನ್ನು ಅವಳು ಆಮೇಲೆ ತುಂಬಿಕೊಳ್ಳುತ್ತಾಳೆ ಎಂದುಕೊಂಡಿದ್ದೆ. ಕಣ್ಣು ಹುಲ್ಲಿನ ಹಾಳೆಯ ಮೇಲೆ ಬಿತ್ತು. ಪೆನ್ನು ಕೆಳಗಿಟ್ಟೆ.

ನನ್ನ ಮೊದಲ ವರ್ಷದಲ್ಲಿ ಇಂಥ ಫಾರ್ಮ್ ಯಾರೂ ಕೊಡಲಿಲ್ಲ. ಕೊಟ್ಟಿದ್ದರೆ ಗುರಿಯ ಜಾಗದಲ್ಲಿ ‘ಗೊಬ್ಬರದ ಅಂಗಡಿ ತಪ್ಪಿಸಿಕೊಳ್ಳುವುದು’ ಎಂದು ಬರೆಯಬೇಕಾಗುತ್ತಿತ್ತು. ಗಂಗಾವತಿಯಲ್ಲಿ ನನ್ನ ಸೋದರಮಾವನ ಗೊಬ್ಬರದ ಅಂಗಡಿ ಇತ್ತು. ಅಪ್ಪ ಒಂದೇ ಮಾತಿನಲ್ಲಿ ಹೇಳಿಬಿಟ್ಟಿದ್ದರು: “ಪಾಸಾದ್ರ ಓದು. ಒಂದು ವಿಷಯ ಹೋದ್ರೂ ಮಾವನ ಅಂಗಡಿ.” ಮಾವ ಒಳ್ಳೆಯವರೇ. ಆದರೆ ಅಲ್ಲಿನ ಯೂರಿಯಾ ವಾಸನೆ ನನ್ನ ಆಯುಷ್ಯದ ವಾಸನೆಯಾಗುವುದು ನನಗೆ ಬೇಕಿರಲಿಲ್ಲ. ಹಾಗೆಂದು ಓದಿನ ಮೇಲೆ ಪ್ರೀತಿ ಇತ್ತೇ? ಅದೂ ಇರಲಿಲ್ಲ. ಅಳವಂಡಿಯಿಂದ ಬೆಳಗಿನ ಬಸ್ಸಿಗೆ ಕೊಪ್ಪಳಕ್ಕೆ ಬರುತ್ತಿದ್ದೆ, ಸಂಜೆಯ ಬಸ್ಸಿಗೆ ಮರಳುತ್ತಿದ್ದೆ. ನಡುವೆ ನಡೆಯುತ್ತಿದ್ದುದಕ್ಕೆ ಬಿ.ಎಸ್ಸಿ. ಎಂದು ಹೆಸರಿತ್ತು.

ಸಸ್ಯಶಾಸ್ತ್ರ ತೆಗೆದುಕೊಂಡವರೆಲ್ಲ ವರ್ಷದ ಕೊನೆಗೆ ಮೂವತ್ತು ಗಿಡಗಳನ್ನು ಒಣಗಿಸಿ, ಹಾಳೆಗೆ ಅಂಟಿಸಿ, ಹೆಸರು, ಸ್ಥಳ, ತಾರೀಖು ಬರೆದ ಚೀಟಿ ಹಚ್ಚಿ ಪ್ರಾಕ್ಟಿಕಲ್ ಪರೀಕ್ಷೆಗೆ ಇಡಬೇಕಿತ್ತು. ನಮ್ಮ ಕಾಲೇಜಿನಲ್ಲಿ ಇದಕ್ಕೊಂದು ಪದ್ಧತಿ ಬೆಳೆದಿತ್ತು. ಪರೀಕ್ಷೆ ಮುಗಿಸಿದ ಸೀನಿಯರ್ ತನ್ನ ಕಟ್ಟನ್ನು ಜೂನಿಯರ್‌ಗೆ ಕೊಡುತ್ತಿದ್ದ. ಜೂನಿಯರ್ ಹಳೆಯ ಚೀಟಿಯ ಮೇಲೆ ತನ್ನ ಚೀಟಿ ಅಂಟಿಸುತ್ತಿದ್ದ. ಇದನ್ನು ಯಾರೂ ಕಳ್ಳತನ ಎನ್ನುತ್ತಿರಲಿಲ್ಲ. ಅಣ್ಣನ ಅಂಗಿ ತಮ್ಮ ಹಾಕಿಕೊಂಡಷ್ಟೇ ಸಹಜವಾಗಿತ್ತು. ನನಗೂ ಯಲಬುರ್ಗಾದ ಸೀನಿಯರ್ ಒಬ್ಬ ತನ್ನ ಕಟ್ಟು ಕೊಟ್ಟ. ಒಂದು ಭಾನುವಾರ ಕುಳಿತು ಮೂವತ್ತು ಚೀಟಿ ಅಂಟಿಸಿದೆ. ಎಲ್ಲದರ ಮೇಲೂ ‘ಅಳವಂಡಿ’ ಎಂದು ಬರೆದೆ. ಊರಿನ ಮೇಲಿನ ಅಭಿಮಾನವೂ ತೀರಿತು.

ಆ ಖಾಕಿ ಅಂಗಿಯವರು ರಾಜಾಸಾಬ, ನಮ್ಮ ಲ್ಯಾಬಿನ ಅಟೆಂಡರ್. ಏಳನೇ ತರಗತಿವರೆಗೆ ಓದಿದವರು. ನಾವೆಲ್ಲ ‘ಕಾಕಾ’ ಎನ್ನುತ್ತಿದ್ದೆವು. ಗಾಜಿನ ಸಾಮಾನು ತೊಳೆಯುವುದು, ಕುಂಡಗಳಿಗೆ ನೀರು ಹಾಕುವುದು ಅವರ ಕೆಲಸ. ಡಿಪಾರ್ಟ್‌ಮೆಂಟಿನ ಕಪಾಟಿನಲ್ಲಿದ್ದ ನೂರಾರು ಒಣಗಿಡಗಳಿಗೆ ಡಾಂಬರಗುಳಿಗೆ ಇಟ್ಟು ಕಾಯುವುದೂ ಅವರದೇ. ಅವುಗಳಲ್ಲಿ ಎಷ್ಟನ್ನೋ ರಜೆಯ ದಿನ ಸೈಕಲ್ ಮೇಲೆ ತಿರುಗಿ ಅವರೇ ತಂದಿದ್ದರು. ಯಾರೂ ತರಲು ಹೇಳಿರಲಿಲ್ಲ. ಎಕ್ಕಿ, ತುಂಬಿ, ಉತ್ತರಾಣಿ ಎಂದು ಹೇಳಿ ಉಸಿರು ಬಿಡದೆ ಅವುಗಳ ಲ್ಯಾಟಿನ್ ಹೆಸರನ್ನೂ ಹೇಳುತ್ತಿದ್ದರು. ಹೊಲದ ಬದುವಿನ ಕಸಕ್ಕೆ ಅಂಥ ಮರ್ಯಾದೆ ಕೊಟ್ಟವರನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ.

ಪರೀಕ್ಷೆಗೆ ಹತ್ತು ದಿನ ಇರುವಾಗ ನನ್ನ ಕಟ್ಟನ್ನು ಅವರ ಕೈಗೆ ಕೊಟ್ಟೆ. ಎಲ್ಲರ ಕಟ್ಟುಗಳನ್ನು ಜೋಡಿಸಿ ಪರೀಕ್ಷಕರ ಟೇಬಲ್ ಮೇಲೆ ಇಡುವವರು ಅವರೇ. ಒಂದೊಂದೇ ಹಾಳೆ ಸರಿಸುತ್ತ ಬಂದವರು ತಂಗಡಿ ಹೂವಿನ, ಅಂದರೆ ಆವರಿಕೆಯ, ಹಾಳೆಗೆ ಬಂದು ನಿಂತರು. ಹಳದಿ ಹೂವು ಕಂದು ಬಣ್ಣಕ್ಕೆ ತಿರುಗಿತ್ತು. ಕೆಳಗಿನ ಎಲೆಯೊಂದು ತುದಿಯಲ್ಲಿ ಹರಿದಿತ್ತು. ಆ ಹರಿದ ತುದಿಯ ಮೇಲೆ ಕಿರುಬೆರಳು ಇಟ್ಟು ನೋಡಿದರು. ಆಮೇಲೆ ಒಂದು ಬಟ್ಟೆ ಒದ್ದೆ ಮಾಡಿಕೊಂಡು ಬಂದು ನನ್ನ ಚೀಟಿಯ ಮೇಲೆ ಹಾಸಿದರು.

“ಕೂಡು ತಮ್ಮಾ. ಅಂಟು ಬಿಡಾಕ ಟೈಮ್ ಬೇಕು.”

ಕುಳಿತೆ. ಅವರು ಉಗುರಿನಿಂದ ಮೆಲ್ಲಗೆ ಎಬ್ಬಿಸಿ ನನ್ನ ಚೀಟಿಯನ್ನು ಟೇಬಲ್ ಮೇಲೆ ಇಟ್ಟರು. ಅದರ ಕೆಳಗೆ ಇನ್ನೊಂದಿತ್ತು. ಅದರ ಕೆಳಗೆ ಮತ್ತೊಂದು. ಎಲ್ಲವನ್ನೂ ಸಾಲಾಗಿ ಇಟ್ಟು ಓದಿದರು.

“ಅಳವಂಡಿ. ಯಲಬುರ್ಗಾ. ಕುಷ್ಟಗಿ. ಗಂಗಾವತಿ.” ನನ್ನ ಕಡೆ ನೋಡಿದರು. “ಈ ಗಿಡ ಭಾಳ ತಿರಗ್ಯಾಡೈತಿ ನೋಡು. ಬಸ್ ಪಾಸ್ ಐತೇನು ಇದಕ್ಕ?”

ಎಲ್ಲಕ್ಕಿಂತ ಕೆಳಗೆ ಐದನೆಯ ಚೀಟಿಯೊಂದು ಹಾಳೆಗೇ ಅಂಟಿಕೊಂಡಿತ್ತು. ನೀಲಿ ಮಸಿ, ಕನ್ನಡ ಅಕ್ಷರ. ‘ತಂಗಡಿ’ ಎಂದು ಹೆಸರಿತ್ತು, ತಾರೀಖು ಇತ್ತು. ಸ್ಥಳ ಎಂಬಲ್ಲಿ ಏನೂ ಇರಲಿಲ್ಲ.

“ಇದು ನಂದು” ಎಂದರು ರಾಜಾಸಾಬ ಕಾಕಾ. “ನೋಡಿ ಕೊಡ್ತೀನಂತ ಒಬ್ಬ ಒಯ್ದಿದ್ದ. ಇವತ್ತು ಮನಿಗೆ ಬಂತು.”

ಏನಾದರೂ ಮಾತಾಡಬೇಕಲ್ಲ ಎಂದು ಕೇಳಿದೆ, “ಇಲ್ಲಿ ಊರ ಹೆಸರು ಯಾಕ ಬರದಿಲ್ರಿ ಕಾಕಾ?”

“ಅವತ್ತು ಮೂರು ಊರು ತಿರಗಿದ್ದೆ. ಇದನ್ನ ಎಲ್ಲಿ ಹರದೆ ಅನ್ನೂದು ನೆನಪಾಗಲಿಲ್ಲ. ನೋಡಿದ್ದು ಬರೀಬೇಕು, ಗೊತ್ತಿರಲಾರದ್ದು ಖಾಲಿ ಬಿಡಬೇಕು.”

ನಾನು ಅಂಗಡಿಯ ವಿಷಯ ಹೇಳಿದೆ. ಫೇಲಾದರೆ ನನ್ನ ಕತೆ ಮುಗಿಯಿತೆಂದೆ. ಅವರು ತಮ್ಮ ತಂಗಡಿಯನ್ನು ತೆಗೆದುಕೊಂಡು, ಉಳಿದ ಇಪ್ಪತ್ತೊಂಬತ್ತು ಹಾಳೆಗಳನ್ನು ಕಟ್ಟಿ ನನ್ನ ಮುಂದಿಟ್ಟರು.

“ಸರ್‌ಗೆ ಹೇಳಾಂಗಿಲ್ಲ ನಾ. ಆದ್ರ ಟೇಬಲ್ ಮ್ಯಾಲೆ ನಾ ಇಡಾಂಗಿಲ್ಲ. ಇಡಾದಾದ್ರ ನೀನ ಇಡು.”

ಬೈದಿದ್ದರೆ ನಾನು ಸಿಟ್ಟು ಮಾಡಿಕೊಂಡು ಆ ಕಟ್ಟನ್ನೇ ಇಡುತ್ತಿದ್ದೆ. ನನ್ನ ಸ್ವಭಾವ ನನಗೆ ಗೊತ್ತು. ಬಸ್ಸಿನಲ್ಲಿ ಊರಿಗೆ ಹೋಗುವಾಗ ಕಿಟಕಿಯಾಚೆ ರಸ್ತೆಯ ಎರಡೂ ಬದಿ ತಂಗಡಿ ಇತ್ತು. ಒಂದು ವರ್ಷ ದಿನಕ್ಕೆರಡು ಸಲ ಅದರ ನಡುವೆ ಓಡಾಡಿದ್ದೆ, ಒಮ್ಮೆಯೂ ನೋಡಿರಲಿಲ್ಲ. ಬೇರೆಯವನ ತಂಗಡಿಯ ಮೇಲೆ ನಮ್ಮ ಊರಿನ ಹೆಸರು ಬರೆದಿದ್ದೆ! ನಾಚಿಕೆ ಎಂದರೆ ಏನೆಂದು ತಿಳಿದದ್ದು ಅವತ್ತು ಎಂದು ಬರೆದರೆ ಹೆಚ್ಚಾಗುತ್ತದೆ. ಮೊದಲು ಬಂದದ್ದು ಹೆದರಿಕೆ. ನಾಚಿಕೆ ಬಹುಶಃ ನಮ್ಮೂರು ಬಂದ ಮೇಲೆ ಬಂತು.

ಮರುದಿನದಿಂದ ಗಿಡ ಕೀಳಲು ಹೊರಟೆ. ಕಿತ್ತ ಗಿಡವನ್ನು ಪೇಪರಿನ ನಡುವೆ ಇಡಬೇಕು, ಮೇಲೆ ಭಾರ ಹೇರಬೇಕು, ದಿನಾಲೂ ಪೇಪರು ಬದಲಿಸಬೇಕು. ಇಲ್ಲದಿದ್ದರೆ ಬೂಸಲು ಹಿಡಿಯುತ್ತದೆ. ಭಾರಕ್ಕೆಂದು ಅವ್ವನ ಬೀಸುಕಲ್ಲು ಹೊತ್ತು ತಂದೆ. ಅವ್ವ ಬಾಗಿಲಲ್ಲಿ ನಿಂತು ನೋಡಿದಳು. “ಮಂದಿ ಮಕ್ಕಳು ಕಾಲೇಜಿಗೆ ಹೋಗಿ ಸಾಹೇಬ್ರಾಗ್ತಾರ. ನಮ್ಮಂವ ಕಸಾ ಆರಿಸ್ಕೊಂಡು ಬಂದಾನ” ಎಂದಳು. ಸಂಜೆ ಮಾತ್ರ ಅವಳೇ ಬಂದು, “ಏ, ಹಿತ್ತಲದಾಗ ನೆಗ್ಗಿಲಮುಳ್ಳು ಹೂ ಬಿಟ್ಟೈತಿ, ಬೇಕೇನು?” ಎಂದು ಕೇಳಿದಳು.

ಹತ್ತು ದಿನದಲ್ಲಿ ಹದಿನೇಳು ಗಿಡಗಳಾದವು. ಅದರಲ್ಲಿ ಈ ಹುಲ್ಲೂ ಒಂದು. ಹೆಸರು ಕೇಳಲು ಕಾಕಾನ ಹತ್ತಿರ ಒಯ್ದೆ. ತಿರುಗಿಸಿ ಮುರುಗಿಸಿ ನೋಡಿ, “ನನಗೂ ಗೊತ್ತಿಲ್ಲ” ಎಂದರು. ಅದನ್ನು ಹೇಳುವಾಗ ಅವರ ಮುಖದಲ್ಲಿ ಇದ್ದ ಖುಷಿ ನನಗೆ ಇನ್ನೂ ಕಾಣುತ್ತದೆ. ಗೊತ್ತಿಲ್ಲ ಎಂದು ಖುಷಿಯಿಂದ ಹೇಳುವ ಮನುಷ್ಯನನ್ನು ನಾನು ಆಮೇಲೆ ಕಂಡದ್ದು ಕಡಿಮೆ. ದೊಡ್ಡ ದೊಡ್ಡ ಗ್ರಂಥಾಲಯಗಳಲ್ಲೂ ಕಡಿಮೆಯೇ.

ಪರೀಕ್ಷಕರು ನನ್ನ ಕಟ್ಟನ್ನು ಎತ್ತಿ ನೋಡಿದರು. ಅದನ್ನು ಟೇಬಲ್ ಮೇಲೆ ಇಟ್ಟವರು ರಾಜಾಸಾಬ.

“ಮೂವತ್ತು ಎಲ್ಲಿ?”

“ಹದಿನೇಳ ಅದಾವ್ರಿ ಸರ್.”

“ಇದರ ಹೆಸರೇನು?”

“ಗೊತ್ತಿಲ್ರಿ.”

“ಗೊತ್ತಿಲ್ಲದ್ದನ್ನ ಯಾಕ ತಂದಿ?”

“ಅದು ಅಲ್ಲಿ ಇತ್ರಿ ಸರ್.”

ಪಾಸಾಗುವಷ್ಟು ಅಂಕ ಬಂದವು, ಒಂದೂ ಹೆಚ್ಚಿಲ್ಲ. ಹಳೆಯ ಕಟ್ಟು ಇಟ್ಟ ಗೆಳೆಯರಿಗೆಲ್ಲ ನನಗಿಂತ ಹೆಚ್ಚು ಬಂದವು. ಅಂಗಡಿ ತಪ್ಪಿತು. ಮತ್ತೆ ನಾನು ಸಸ್ಯಶಾಸ್ತ್ರಜ್ಞನಾದೆನೇ? ಅದೂ ಇಲ್ಲ. ಆ ಹತ್ತು ದಿನದಲ್ಲಿ ನನಗೆ ಗಿಡಗಳಿಗಿಂತ ಚೀಟಿಗಳ ಹುಚ್ಚು ಹಿಡಿದಿತ್ತು. ಯಾರು ಬರೆದರು, ಯಾವಾಗ ಬರೆದರು, ಕಣ್ಣಿಂದ ಕಂಡು ಬರೆದರೋ, ಅದರ ಕೆಳಗೆ ಇನ್ನೊಂದು ಚೀಟಿ ಇದೆಯೋ? ಮುಂದಿನ ವರ್ಷ ವಿಷಯ ಬದಲಿಸಿ ಬಿ.ಎ.ಗೆ ಸೇರಿ ಚರಿತ್ರೆ ಹಿಡಿದೆ. ಒಂದು ವರ್ಷ ದಂಡವಾಯಿತೆಂದು ಅಪ್ಪ ತಿಂಗಳುಗಟ್ಟಲೆ ಮಾತು ಬಿಟ್ಟಿದ್ದರು. ಇಂದಿಗೂ ಚರಿತ್ರೆಯಲ್ಲಿ ನನ್ನ ಕೆಲಸವೆಂದರೆ ಒದ್ದೆ ಬಟ್ಟೆ ಹಾಸಿ ಕಾಯುವುದೇ.

ಇಷ್ಟನ್ನೂ ಮಗಳಿಗೆ ಹೇಳಿದೆ. ಹೇಳುತ್ತಿದ್ದಂತೆ ನನ್ನ ರೋಗ ಕೆರಳಿತು. ಹನುಮನಹಳ್ಳಿಯ ಬಂಡೆ, ಮಂಗಗಳನ್ನು ನನ್ನ ನೆನಪು ಹುಟ್ಟಿಸಿಕೊಂಡಿದ್ದರೆ, ಕಾಕಾನ ಆ ಮಾತನ್ನೂ ಹುಟ್ಟಿಸಿಕೊಂಡಿರಬಾರದೇಕೆ? ಆಗಿನ ಸಹಪಾಠಿ, ಕುಷ್ಟಗಿಯ ಶರಣಪ್ಪನಿಗೆ ಫೋನ್ ಮಾಡಿ, ಕಾಕಾ ಹಾಗೆ ಹೇಳುತ್ತಿದ್ದರೇ ಎಂದು ಕೇಳಿದೆ.

“ಲೇ, ಆಂವ ಎಲ್ಲಿ ಅಷ್ಟು ಮಾತಾಡತಿದ್ದ?” ಎಂದು ಶರಣಪ್ಪ ನಕ್ಕ. “ನೋಡಿದ್ದು ಬರಿ, ಖಾಲಿ ಬಿಡು, ಇವೆಲ್ಲಾ ನಿನ್ನ ಮಾತು. ಪುಸ್ತಕ ಓದಿ ಕೆಟ್ಟಿ ನೀ. ಆಂವ ‘ತೊಗೊಂಡು ಹೋಗು’ ಅಂದಿರಬೇಕು, ಅಷ್ಟ.”

ನಾನು ಬದುಕಿನುದ್ದಕ್ಕೂ ಆತುಕೊಂಡಿದ್ದು ಆ ಒಂದು ಸಾಲನ್ನು.

“ಆದ್ರ ಅದು ನೆನಪೈತೇನು ನಿನಗ?” ಶರಣಪ್ಪ ಮುಂದುವರಿಸಿದ. “ಯಾರೋ ಸಾಹೇಬ್ರು ತಪಾಸಣಿಗೆ ಬರೋರಿದ್ರು. ಕಪಾಟಿನಾಗಿನ ಚೀಟಿ ಖಾಲಿ ಕಾಣಬಾರ್ದು, ಗಂಗಾವತಿ ಅಂತ ಏನರ ಬರದುಬಿಡು ಅಂದ್ರು ನಮ್ಮ ಸರ್. ಈಂವ ಕೈ ಕಟ್ಕೊಂಡು ನಿಂತು ‘ನಾ ನೋಡಿಲ್ರಿ ಸರ್’ ಅಂದ. ಮತ್ತ ಹೇಳಿದ್ರು, ಮತ್ತ ಅದ ಅಂದ. ನಾ ಅಲ್ಲೇ ಬಾಗಿಲದಾಗ ಇದ್ದೆ. ಅಟೆಂಡರ್, ನೋಡು! ನೌಕ್ರಿ ಪರ್ಮನೆಂಟ್ ಸೈತ ಆಗಿದ್ದಿಲ್ಲ ಆಗ.”

ಇದು ನನಗೆ ಗೊತ್ತಿರಲಿಲ್ಲ. ಫೋನ್ ಇಟ್ಟೆ. ಆ ಮಾತು ಅವರು ಆಡಿದ್ದರೋ ಇಲ್ಲವೋ, ನನ್ನ ಬಳಿ ಆಧಾರವಿಲ್ಲ. ಹಾಗೆ ಬದುಕಿದ್ದರು ಎನ್ನುವುದಕ್ಕೆ ಮಾತ್ರ ಸಾಕ್ಷಿ ಸಿಕ್ಕಿತು. ಕಾಕಾ ಈಗಿಲ್ಲ ಎಂದು ಯಾರೋ ಹೇಳಿದ್ದನ್ನು ಕೇಳಿದ್ದೇನೆ. ಅದನ್ನೂ ನಾನು ನೋಡಿಲ್ಲ.

ಮಗಳು ಅಷ್ಟರಲ್ಲಿ ಹುಲ್ಲಿನ ಹಾಳೆಗೆ ಫೋನ್ ಹಿಡಿದಿದ್ದಳು. “ಅಪ್ಪಾ, ಮೂರು ಹೆಸರು ತೋರಿಸಾಕತ್ತೈತಿ. ಯಾವುದು ಬರೀಲಿ?”

“ಮೂರು ಹೇಳತೈತಿ ಅಂದ್ರ ಅದಕ್ಕೂ ಗೊತ್ತಿಲ್ಲ. ಇರಲಿ ಬಿಡು.”

ಅವಳು ಫಾರ್ಮ್ ತೆಗೆದುಕೊಂಡು ಮೂಲೆಗೆ ಹೋದಳು. “ಖಾಲಿ ಬಿಟ್ರ ಬೈತಾರೇನು?” ಎಂದು ಅಲ್ಲಿಂದಲೇ ಕೇಳಿದಳು.

“ಬೈಬಹುದು. ನನಗೂ ಕಡಿಮೆ ಮಾರ್ಕ್ಸ್ ಬಂದಿದ್ವು.”

ಪೆನ್ನಿನ ತುದಿ ಕಚ್ಚುತ್ತ ಬಹಳ ಹೊತ್ತು ಕುಳಿತಳು. ಕೊನೆಗೆ ಸಹಿಗೆಂದು ತಂದಾಗ ಜೀವನದ ಗುರಿಯ ಸಾಲು ಖಾಲಿ ಇತ್ತು. ಐದು ಮೌಲ್ಯಗಳಲ್ಲಿ ನಾಲ್ಕು ಖಾಲಿ ಇದ್ದವು. ಮೊದಲನೆಯದರಲ್ಲಿ ಬರೆದಿದ್ದಳು: ‘ಬಸ್ಸಿನಲ್ಲಿ ಯಾರಾದರೂ ವಯಸ್ಸಾದವರು ಬಂದರೆ ಸೀಟು ಬಿಟ್ಟುಕೊಡುತ್ತೇನೆ. ಕಿಟಕಿಯ ಸೀಟಾದರೆ ಮನಸ್ಸಿಲ್ಲದೆ ಬಿಟ್ಟುಕೊಡುತ್ತೇನೆ.’

ಎರಡು ಸಲ ಓದಿದೆ. ಆಮೇಲೆ ‘ಮೇಲೆ ಬರೆದಿರುವುದು ನಿಜ’ ಎಂಬುದರ ಕೆಳಗೆ ಪೂರ್ತಿ ಹೆಸರು ಬರೆದು ಸಹಿ ಮಾಡಿದೆ.