ಖಾಲಿ ಡಬ್ಬಿಯ ಪ್ರಶ್ನೆ

ನಾನು ಸೊನ್ನೆಯಿಂದ ಭಾಗಿಸಿದ್ದೇನೆ. ಮುಂಬಯಿಯ ಕಾಲೇಜೊಂದರಲ್ಲಿ ಮೂವತ್ತು ವರ್ಷ ಗಣಿತ ಕಲಿಸಿ, ‘ಏನು ಬೇಕಾದರೂ ಮಾಡಿ, ಸೊನ್ನೆಯಿಂದ ಮಾತ್ರ ಭಾಗಿಸಬೇಡಿ’ ಎಂದು ಮಕ್ಕಳ ತಲೆ ತಿಂದವನು ಈಗ ಇದನ್ನು ಯಾವ ಮುಖ ಹೊತ್ತು ಹೇಳಲಿ? ಆದರೂ ಹೇಳಬೇಕು. ಹೇಳಬೇಕಾದವಳಿಗೆ ಹೇಳಲಿಲ್ಲ, ಅದಕ್ಕೇ ನಿಮ್ಮ ಹತ್ತಿರ ಹೇಳುತ್ತಿದ್ದೇನೆ.

ಪಾಠ ನನಗೆ ಹೊಟ್ಟೆಪಾಡು. ಹುಚ್ಚು ಬೇರೆಯೇ ಇತ್ತು. ಗಾಳಿಯ ಹಾಗೆ ಒತ್ತಿದರೆ ಕುಗ್ಗುವ, ಹರಿಯುವಾಗ ತನ್ನನ್ನು ತಾನೇ ಹಿಡಿದೆಳೆಯುವ ವಸ್ತುಗಳ ಚಲನೆಗೆ ಕೆಲವು ಸಮೀಕರಣಗಳಿವೆ. ಅವಕ್ಕೆ ಪರಿಹಾರ ಇದೆಯೇ ಎಂಬುದೇ ದೊಡ್ಡ ಪ್ರಶ್ನೆ. ಪ್ರತಿ ಬಿಂದುವಿನಲ್ಲೂ ಪ್ರತಿ ಕ್ಷಣವೂ ಸರಿಯಾಗಿರಲೇಬೇಕು ಎಂದು ಹಟ ಹಿಡಿದರೆ ಅದು ಕೈಗೆ ಸಿಗುವುದಿಲ್ಲ. ಸ್ವಲ್ಪ ಹಿಂದೆ ನಿಂತು, ಸರಾಸರಿಯಲ್ಲಿ ಹೊಂದಿದರೆ ಸಾಕು ಎಂದು ಒಪ್ಪಿಕೊಂಡರೆ ಎಷ್ಟೋ ಕಡೆ ಸಿಗುತ್ತದೆ. ಹಾಗೆ ಸಿಕ್ಕಿದ್ದಕ್ಕೆ ದುರ್ಬಲ ಪರಿಹಾರ ಎಂದು ಹೆಸರು. ಗಂಡ ಹೆಂಡತಿ ನಲವತ್ತು ವರ್ಷ ಒಟ್ಟಿಗೆ ಬಾಳುವುದೂ ಇದೇ ರಿಯಾಯಿತಿಯಲ್ಲಿ. ದೊಡ್ಡವರು ಬಿಡಿಸದೆ ಬಿಟ್ಟ ಒಂದು ಸಣ್ಣ ಮೂಲೆಯನ್ನು ನಾನು ಹಿಡಿದುಕೊಂಡು ಹನ್ನೊಂದು ವರ್ಷ ಕೂತೆ.

ನನ್ನ ಹೆಂಡತಿ ವಾರಿಜ ಉಡುಪಿ ಕಡೆಯವಳು. ಗಣಿತವನ್ನು ಹತ್ತನೇ ಕ್ಲಾಸಿಗೇ ಬಿಟ್ಟವಳು. ಚೆಂಬೂರಿನ ನಮ್ಮ ಮನೆಯ ಊಟದ ಮೇಜಿನ ಮೇಲೆ ನನ್ನ ಕಾಗದಗಳನ್ನು ಸರಿಸಿ ತಟ್ಟೆ ಇಡುತ್ತಾ ಒಮ್ಮೆ ಕೇಳಿದಳು, “ಕಡೆಗೆ ಉತ್ತರ ಎಷ್ಟು ಬರ್ತದೆ?”

ಉತ್ತರ ಗೊತ್ತಿಲ್ಲ, ಅದು ಇದೆ ಎಂದು ತೋರಿಸುವುದಷ್ಟೇ ನನ್ನ ಕೆಲಸ ಎಂದೆ.

“ನಿಮ್ಮ ಕನ್ನಡಕದ ಹಾಗೆ,” ಎಂದಳು. “ಮನೆಯಲ್ಲೇ ಉಂಟು ಉಂಟು ಅಂತೀರಿ. ಹುಡುಕುವುದು ಮಾತ್ರ ನಾನು.”

ಇನ್ನೊಂದು ದಿನ ಅವಳಿಗೆ ಅರ್ಥವಾಗಲಿ ಎಂದು ಲೋಕಲ್ ಟ್ರೈನಿನ ಉದಾಹರಣೆ ಕೊಟ್ಟೆ. ಕುರ್ಲಾದಲ್ಲಿ ಜನ ನುಗ್ಗಿದರೆ ಡಬ್ಬಿಯೊಳಗೆ ಸಾಂದ್ರತೆ ಏರುತ್ತದೆ, ಒತ್ತಡ ಏರುತ್ತದೆ, ಮೈಗೆ ಮೈ ತಾಗಿ ವೇಗ ಇಳಿಯುತ್ತದೆ. ಅವಳು ಸೌತೆಕಾಯಿ ಹೆಚ್ಚುತ್ತಾ ಕೇಳಿದಳು. “ಅಲ್ಲ ಮಾರಾಯ್ರೆ, ಡಬ್ಬಿಯಲ್ಲಿ ಯಾರೂ ಇಲ್ಲದಿದ್ರೆ ಎಂತ ಮಾಡುವುದು?”

ನಾನು ನಕ್ಕುಬಿಟ್ಟೆ. “ಮುಂಬಯಿಯಲ್ಲಿ ಖಾಲಿ ಡಬ್ಬಿ ಎಲ್ಲಿ ಸಿಗ್ತದೆ, ಹೇಳು?”

ನನ್ನ ತಪ್ಪು ಅಲ್ಲಿತ್ತು. ಮಾಟುಂಗದ ಚಾಳಿನ ಒಂದೇ ಖೋಲಿಯಲ್ಲಿ ಎಂಟು ಜನರ ನಡುವೆ ಬೆಳೆದವನು ನಾನು. ಮಗ್ಗುಲು ಬದಲಿಸಬೇಕಾದರೆ ತಮ್ಮನನ್ನು ಎಬ್ಬಿಸಬೇಕಾಗಿತ್ತು. ಖಾಲಿ ಎನ್ನುವ ಸ್ಥಿತಿ ನನ್ನ ಕಲ್ಪನೆಗೇ ಬರಲಿಲ್ಲ. ಪ್ರಬಂಧದ ಹದಿನಾಲ್ಕನೇ ಪುಟದಲ್ಲಿ ನಿಶ್ಚಿಂತೆಯಿಂದ ಸಾಂದ್ರತೆಯಿಂದ ಭಾಗಿಸಿ ಮುಂದೆ ಹೋಗಿದ್ದೆ. ಅದು ಎಲ್ಲಾದರೂ ಸೊನ್ನೆಯಾದರೆ ಎಂಬ ಯೋಚನೆ ತಲೆಯಲ್ಲಿ ಹಾಯಲೇ ಇಲ್ಲ.

ವಾರಿಜ ಆಸ್ಪತ್ರೆಯಲ್ಲಿದ್ದಾಗ, ಪ್ರಬಂಧ ಕಳಿಸಿದ್ದ ಗಣಿತ ಪತ್ರಿಕೆಯವರ ಮೇಲ್ ಬಂತು. ಪ್ರಬಂಧವನ್ನು ಪರಿಶೀಲಿಸಿದವರು ಯಾರೋ, ಬಹಳ ಸೌಜನ್ಯದಿಂದ ಒಂದೇ ಸಾಲು ಬರೆದಿದ್ದರು: ಎಲ್ಲಾದರೂ ಏನೂ ಇಲ್ಲದಿದ್ದರೆ ಲೇಖಕರು ಏನು ಮಾಡುತ್ತಾರೆ? ಸೌತೆಕಾಯಿ ಹೆಚ್ಚುತ್ತಾ ಅವಳು ಕೇಳಿದ್ದ ಪ್ರಶ್ನೆಯೇ. ಅವಳ ಮಂಚದ ಪಕ್ಕದ ಸ್ಟೂಲಿನ ಮೇಲೆ ಕೂತೇ ಅದನ್ನು ಓದಿ ಫೋನನ್ನು ಜೇಬಿಗೆ ಹಾಕಿದೆ.

“ಪೇಪರಿನವರು ಎಂತ ಹೇಳಿದ್ರು?” ಎಂದಳು.

“ಇನ್ನೂ ನೋಡ್ತಾ ಇದ್ದಾರೆ.”

“ನೋಡ್ಲಿ ಬಿಡಿ. ಅಷ್ಟು ಉದ್ದದ್ದು ಓದ್ಲಿಕ್ಕೆ ಟೈಮ್ ಬೇಡ್ವಾ?” ಎಂದು ನನಗೇ ಸಮಾಧಾನ ಹೇಳಿದಳು.

ನಾಲ್ಕು ದಿನ ಕಳೆದು ಅವಳು ಹೋದಳು. ‘ನೀನು ಹೇಳಿದ್ದೇ ಸರಿ’ ಎನ್ನಲು ನನಗೆ ನಾಲ್ಕು ಪೂರ್ತಿ ದಿನಗಳಿದ್ದವು. ಕೇಳಿದ್ದರೆ ಹೇಗೆ ನಗುತ್ತಿದ್ದಳು, ನರ್ಸನ್ನು ಕರೆದು ಹೇಗೆ ಹೇಳಿಕೊಳ್ಳುತ್ತಿದ್ದಳು! ಆ ಒಂದು ನಗುವನ್ನು ನನ್ನ ಒಣ ಜಂಬಕ್ಕಾಗಿ ಕಸಿದುಕೊಂಡೆ. ಇದಕ್ಕೆ ನನ್ನನ್ನು ನಾನು ಕ್ಷಮಿಸಿಲ್ಲ.

ಆಮೇಲೆ ಬಲ್ಲವರ ಪುಸ್ತಕಗಳನ್ನು ತೆರೆದು ಕಲಿತೆ. ಖಾಲಿ ಜಾಗವನ್ನು ಅವರು ದಾಟುವ ಉಪಾಯ ಸರಳ. ಏನೂ ಇಲ್ಲದಲ್ಲಿ ವೇಗ ಎಷ್ಟು ಎಂದು ಅವರು ಕೇಳುವುದೇ ಇಲ್ಲ. ಮಾಟುಂಗದ ಹೋಟೆಲಿನ ಗಲ್ಲಾಪೆಟ್ಟಿಗೆಯ ಮುಂದೆ ಕೂತ ಶೆಟ್ಟರಿಗೆ ಇದು ಹೇಗೆ ಗೊತ್ತಾಗಬೇಕು? “ದಿನ ಹೇಗೆ ಹೋಗ್ತಾ ಉಂಟು ಮಾಷ್ಟ್ರೇ?” ಎಂದು ಪ್ರೀತಿಯಿಂದಲೇ ಕೇಳುತ್ತಾರೆ. ನಾನು ಕಾಫಿ ಕುಡಿಯುತ್ತೇನೆ.

ಕಳೆದ ಭಾನುವಾರ ಮಧ್ಯಾಹ್ನ ಸುಮ್ಮನೆ ಪನ್ವೇಲ್ ಲೋಕಲ್ ಹತ್ತಿದೆ. ಅವಳು ಕೇಳಿದ್ದ ಖಾಲಿ ಡಬ್ಬಿಯನ್ನು ಒಮ್ಮೆ ಕಣ್ಣಾರೆ ನೋಡಬೇಕಿತ್ತು. ಕೊನೆಯ ಸ್ಟೇಷನ್ನಿನಲ್ಲಿ ಎಲ್ಲರೂ ಇಳಿದರು, ನಾನು ಉಳಿದೆ. ಹಿಡಿಕೆಗಳು ಸಾಲಾಗಿ ತೂಗುತ್ತಿದ್ದವು, ಫ್ಯಾನುಗಳು ಯಾರಿಗೂ ಅಲ್ಲದೆ ತಿರುಗುತ್ತಿದ್ದವು. ನೋಡಿಕೊಂಡರೆ, ಇಡೀ ಡಬ್ಬಿ ಖಾಲಿಯಿದ್ದರೂ ನಾನು ಕೂತದ್ದು ಬೆಂಚಿನ ತುದಿಯ ಫೋರ್ತ್ ಸೀಟಿನಲ್ಲಿ. ಮೂವರ ಬೆಂಚಿನಲ್ಲಿ ನಾಲ್ಕನೆಯವನಾಗಿ, ಅರ್ಧ ಅಂಡು ಗಾಳಿಯಲ್ಲಿ. ಜೊತೆಯಲ್ಲಿ ಹೋಗುವಾಗ ಕಿಟಕಿ ಯಾವಾಗಲೂ ಅವಳದ್ದು.

ಕಿಟಕಿಯ ಕಡೆ ತಿರುಗಿ ಹೇಳಿಯೇಬಿಟ್ಟೆ. “ವಾರಿಜಾ, ನೀನು ಹೇಳಿದ್ದೇ ಸರಿ. ಮೇಲ್ ಅವತ್ತೇ ಬಂದಿತ್ತು.”

ಅಷ್ಟರಲ್ಲಿ ವಾಪಸು ಹೋಗುವ ಪ್ರಯಾಣಿಕನೊಬ್ಬ ಚೀಲ ಹಿಡಿದು ಹತ್ತಿದ. ಅವನಿಗೂ ಬೇಕಾದದ್ದು ಆ ಕಿಟಕಿಯೇ. ತುದಿಯಲ್ಲಿ ಮುದುಡಿ ಕೂತ ನನ್ನನ್ನೂ ಪಕ್ಕದ ಖಾಲಿ ಜಾಗವನ್ನೂ ನೋಡಿ, ಅಲ್ಲಿ ಯಾರಾದರೂ ಇದ್ದಾರೋ ಎಂಬ ಅನುಮಾನದಿಂದ ಕೇಳಿದ, “ಅಂಕಲ್, ಇಧರ್ ಕೋಯೀ ಹೈ ಕ್ಯಾ?”

“ಹೈ,” ಎಂದೆ.

ಎಲ್ಲಿ, ಯಾರು ಎಂದು ಅವನು ಕೇಳಲಿಲ್ಲ. ಹನ್ನೊಂದು ವರ್ಷದಲ್ಲಿ ಮೊದಲ ಬಾರಿಗೆ ನನ್ನ ಮಾತನ್ನು ಪ್ರೂಫ್ ಇಲ್ಲದೆಯೇ ಒಪ್ಪಿಕೊಂಡು, ಎದುರಿನ ಬೆಂಚಿಗೆ ಹೋಗಿ ಕೂತ.